ರೇವಣಸಿದ್ಧನ ಎದೆಬರಹ

ಒಂದೂರಿನಲ್ಲಿ ಒಬ್ಬ ಅಣ್ಣ, ಒಬ್ಬ ತಂಗಿ ಇದ್ದರು. ಊರು ಏಳು ಸಮುದ್ರದಾಚೆಯದೇನಲ್ಲ. ಉಮರ್ಗಾ ದಾಟಿ ಹೈದರಾಬಾದಿನ ಕಡೆ ಹೊರಟರೆ ಲಾರಿಯವರು ಚಹಾಕ್ಕೆ ನಿಲ್ಲುವ ತುರೋರಿ. ಕಾಲವೂ ರಾಜರಾಣಿಯರದಲ್ಲ, ಕುರಿ ಕಾಯುವವನ ಕಿಸೆಯಲ್ಲೂ ಮೊಬೈಲು ಇರುವ ನಮ್ಮದೇ ಕಾಲ. ಅಣ್ಣ ರೇವಣಸಿದ್ಧ ಬೀರಪ್ಪನ ಒಕ್ಕಲು, ಎಪ್ಪತ್ತು ಕುರಿಗಳ ಒಡೆಯ. ತಂಗಿ ಉಮಾಶ್ರೀ ಉದಗೀರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಉಮರ್ಗಾದ ಬಸ್‌ಸ್ಟ್ಯಾಂಡಿನ ಎದುರು ಅಂಬಾದಾಸನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದಳು.

ಕಥೆಯೊಳಗಿನ ಅಣ್ಣಂದಿರಿಗೆ ಯಾರಾದರೂ ಶಾಪ ಕೊಟ್ಟಿರುತ್ತಾರೆ. ರೇವಣಸಿದ್ಧನಿಗೆ ಯಾರೂ ಕೊಟ್ಟಿರಲಿಲ್ಲ. ಆದರೂ ಅವನು ಬೀಳುತ್ತಿದ್ದ. ನಿಂತವನು ನಿಂತಲ್ಲೇ, ಬುಡ ಕೊಯ್ದ ಜೋಳದ ದಂಟಿನ ಹಾಗೆ. ನಾಲ್ಕೆಣಿಸುವಷ್ಟರಲ್ಲಿ ಕಣ್ಣು ಬಿಟ್ಟು, ಸುತ್ತ ನಿಂತವರನ್ನು ನೋಡಿ, ತಾನೇ ಏನೋ ತಪ್ಪು ಮಾಡಿದವನಂತೆ ನಗುತ್ತಿದ್ದ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ. ಉಮರ್ಗಾದ ದವಾಖಾನೆಯಲ್ಲಿ ಮೂರು ಸಲ ಇಸಿಜಿ ತೆಗೆದರು. ಮೂರು ಸಲವೂ ಕಾಗದ ಅವನು ಗಟ್ಟಿಮುಟ್ಟಾಗಿದ್ದಾನೆಂದೇ ಹೇಳಿತು. ಉದಗೀರಿನ ಹೃದಯದ ಡಾಕ್ಟರು ಪಂಕಜ್ ಅವರ ಮಾತು ಕೇಳಿ ಸೋಲಾಪುರಕ್ಕೂ ಹೋಗಿ, ಒಂದು ಹಗಲು ಒಂದು ರಾತ್ರಿ ಎದೆಗೆ ಯಂತ್ರ ಕಟ್ಟಿಸಿಕೊಂಡು ಬಂದ. ಆ ದಿನ ಅವನ ಹೃದಯ ಪರೀಕ್ಷೆಗೆ ಕೂತ ಶಾಣ್ಯಾ ಹುಡುಗನಂತೆ ಒಂದು ಹೆಜ್ಜೆಯನ್ನೂ ತಪ್ಪಿಸಲಿಲ್ಲ. ತಿಂಗಳಿಗೊಮ್ಮೆ ಬರುವ ಕಳ್ಳನಿಗಾಗಿ ಒಂದು ದಿನ ಬಾಗಿಲು ಕಾದರೆ ಸಿಕ್ಕಾನೆಯೇ?

ಜನಕ್ಕೆ ಇದೆಲ್ಲ ಬೇಕಿರಲಿಲ್ಲ. ಕಾಕಾ ಖಂಡೆಪ್ಪ ಸೋಯಾ ರಾಶಿಯ ಕಣದಲ್ಲಿ ಎಲ್ಲರೆದುರು ಹೇಳಿಬಿಟ್ಟ: “ಮೂಟಿ ಎತ್ತು ಅಂದ್ರ ಬೀಳ್ತಾನ. ಉಣ್ಣಾಕ ಕರದಾಗ ಒಂದಿನಾನೂ ಬಿದ್ದಿದ್ದು ನಾ ನೋಡಿಲ್ಲ.” ಎಲ್ಲರೂ ನಕ್ಕರು. ಅದೇ ಕಣದಲ್ಲಿ, ಅದೇ ಸಂಜೆ ರೇವಣಸಿದ್ಧ ಮತ್ತೆ ಬಿದ್ದ. ನಾಚಿಕೆಯಿಂದ ಮೈ ಉರಿದಿದ್ದ ಅವನ ಹೆಂಡತಿ ಸಾರಿಕಾ ಓಡಿ ಬಂದು, ಎಬ್ಬಿಸುವ ಬದಲು ಅವನ ಕಪಾಳಕ್ಕೆ ಹೊಡೆದಳು. “ಏಳ್ರಿ! ಸಾಕ ಮಾಡ್ರಿ ನಾಟಕ!” ಅವನು ಕಣ್ಣು ಬಿಟ್ಟ. ನಕ್ಕ. ಆ ನಗುವನ್ನು ಅವಳಿಂದ ತಾಳಲಾಗಲಿಲ್ಲ. ಎರಡೇ ದಿನಕ್ಕೆ ನಿಲಂಗಾದ ತವರಿಗೆ ಹೊರಟಳು.

ಬಸ್‌ಸ್ಟ್ಯಾಂಡಿನವರೆಗೆ ಚೀಲ ಹಿಡಿದು ಬಂದವಳು ಉಮಾಶ್ರೀ.

“ನಾ ಏನ ಕೆಟ್ಟ ಹೆಂಗಸೇನ ಉಮಾ?” ಸಾರಿಕಾ ಕೇಳಿದಳು. “ಮೂರು ಕಾಗದ ಅಂವಾ ಆರಾಮ ಇದ್ದಾನ ಅಂತಾವ. ನಾ ಕಾಗದ ನಂಬಲೋ, ನಿಮ್ಮಣ್ಣಗ ನಂಬಲೋ?”

“ಆ ಕಾಗದ ಖರೇ ಅಲ್ಲ ವೈನಿ. ಅಂವಾ ಬಿದ್ದ ಹೊತ್ತಿನ ಕಾಗದ ನಾ ತರ್ತೀನಿ. ನಾನೇ ತಂದು ನಿಮ್ಮ ಕೈಯಾಗ ಇಡ್ತೀನಿ.”

“ಇಡು. ಇಟ್ಟ ದಿವಸ ಇದೇ ಬಸ್ಸಿನ್ಯಾಗ ಹೊಳ್ಳಿ ಬರ್ತೀನಿ.”

ಕೊಟ್ಟ ಮಾತು ಅದೊಂದೇ. ಉಮಾಶ್ರೀ ಅಲ್ಲಿಂದ ನೇರ ಅಂಗಡಿಗೆ ಬಂದು ಪುಣೆಯಿಂದ ಸಾಮಾನು ತರಿಸಲು ಕೂತಳು.

ಹೃದಯದ ಸದ್ದಿಲ್ಲದ ಮಿಂಚನ್ನು ಹಿಡಿದು ದೊಡ್ಡದು ಮಾಡುವ ಕೆಂಪು ಬೋರ್ಡೊಂದು ಬಂತು, ಹೆಬ್ಬೆರಳಿನಷ್ಟು. ಅದು ಹೇಳಿದ್ದನ್ನು ಲೆಕ್ಕಕ್ಕೆ ತರುವ ಇನ್ನೊಂದು ಬೋರ್ಡು. ಬರೆದಿಡಲು ಮೆಮೊರಿ ಕಾರ್ಡಿನ ಗೂಡು, ಗಳಿಗೆ ತಪ್ಪದ ಹಾಗೆ ಗಡಿಯಾರದ ಚಿಪ್. ಬ್ಯಾಟರಿ ಅಂಗಡಿಯದೇ, ಯಾರೋ ಬಿಟ್ಟುಹೋದ ಮೊಬೈಲಿನದು. ಎಲ್ಲ ಸಿದ್ಧ ಸಾಮಾನು; ಅವಳದೆಂಬುದು ನಡುವಿನ ತಂತಿಗಳು ಮಾತ್ರ. ಅದನ್ನೆಲ್ಲ ಸಾಬೂನಿನ ಡಬ್ಬಿಯೊಳಗೆ ಕೂರಿಸಿದಾಗ ಅಂಬಾದಾಸ ಕನ್ನಡಕ ಮೇಲೇರಿಸಿ ನೋಡಿ, ಮರಾಠಿ ಬೆರೆಸಿದ ಕನ್ನಡದಲ್ಲಿ ಕೇಳಿದ.

“ಕಾಯ ಗ ಪೋರಿ, ಇಷ್ಟ ದಿವಸ ಮೊಬೈಲ್ ಬರ್ತಿದ್ದುವು ನಮ್ಮ ದುಕಾನಿಗಿ. ಈಗ ಮನಷ್ಯಾಗೂ ಚಾರ್ಜಿಂಗ ಹಚ್ಚತಿ ಏನ?”

“ಮದಲ ನಿಮಗೇ ಹಚ್ಚತೀನಿ ಭಾವು. ಅಂಗಿ ಗುಂಡಿ ಬಿಚ್ಚರಿ.”

ಅವನ ಎದೆಗೆ ಮೂರು ಸ್ಟಿಕ್ಕರ್ ಅಂಟಿಸಿ, ಕೆಂಪು, ಹಳದಿ, ಹಸಿರು ತಂತಿ ಸಿಕ್ಕಿಸಿದಳು. ಕಂಪ್ಯೂಟರಿನ ಮೇಲೆ ಮೊದಲು ಕಂಬಳಿ ಹುಳುವಿನಂತೆ ರೋಮ ರೋಮದ ಗೆರೆಯೊಂದು ಬಂತು. ಚಾರ್ಜರ್ ಕಿತ್ತು, ಫ್ಯಾನು ನಿಲ್ಲಿಸಿದಳು. ರೋಮ ಉದುರಿ, ಗೆರೆ ಬೋಳಾಗಿ, ಅದರೊಳಗಿನಿಂದ ಅಂಬಾದಾಸನ ಹೃದಯ ಎದ್ದು ಬಂತು: ಒಂದು ಸಣ್ಣ ದಿಬ್ಬ, ಒಂದು ಎತ್ತರದ ಶಿಖರ, ಮತ್ತೊಂದು ಉರುಟು ಗುಡ್ಡ, ಮತ್ತೆ ಅದೇ.

“ಬರೋಬರ ಅದ ಭಾವು. ಇನ್ನಾ ಮೂವತ್ತು ವರ್ಷ ಗ್ಯಾರಂಟಿ.”

“ಹಂಗಿದ್ರ ಗ್ಯಾರಂಟಿ ಕಾರ್ಡ್ ಬರದ ಕೊಡು, ಮನ್ಯಾಗ ತೋರಸ್ತೀನಿ,” ಎಂದನವನು. ಆದರೆ ತನ್ನ ಎದೆಯ ಗೆರೆಯನ್ನು ಬಹಳ ಹೊತ್ತು ನೋಡುತ್ತ ನಿಂತ.

ಸಂಕ್ರಾಂತಿ ಮುಗಿದ ಮೇಲೆ ರೇವಣಸಿದ್ಧ ಡಬ್ಬಿ ಕಟ್ಟಿಕೊಂಡು ಕುರಿ ಹೊಡೆದುಕೊಂಡು ಹೋಗತೊಡಗಿದ. ಪ್ರತಿ ಸೋಮವಾರ ಕಾರ್ಡು ಅಂಗಡಿಗೆ ಬರುತ್ತಿತ್ತು. ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಶಿಖರ ಕಾಣದಿದ್ದರೆ ಅಲ್ಲಿ ಗುರುತು ಹಾಕುವಂತೆ ಉಮಾಶ್ರೀ ಕಂಪ್ಯೂಟರಿಗೆ ಕಲಿಸಿದ್ದಳು. ಗುರುತುಗಳು ಬೀಳುತ್ತಿದ್ದವು, ಆದರೆ ಎಲ್ಲವೂ ಹೊರಗಿನ ಕಿತಾಪತಿಗಳೇ. ಕರಿಕಂಬಳಿ ಹೊದ್ದರೆ ಉಣ್ಣೆಯ ಚಿಟಿಚಿಟಿ ಗೆರೆಯ ತುಂಬ ಎಳ್ಳು ಚೆಲ್ಲಿದಂತೆ ಬೀಳುತ್ತಿತ್ತು. ಓಡಿದರೆ ಗೆರೆ ತೊಟ್ಟಿಲಾಡುತ್ತಿತ್ತು. ಒಂದೆರಡು ವಾರದಲ್ಲಿ ಅವಳಿಗೆ ನೋಡಿದೊಡನೆ ತಿಳಿಯತೊಡಗಿತು: ಇದು ಕಂಬಳಿ, ಇದು ಓಟ, ಇದು ಭಂಡಾರ.

ಭಂಡಾರದ್ದೇ ದೊಡ್ಡ ರಗಳೆ. ಪ್ರತಿ ಆಯಿತವಾರ ಬೆಳಿಗ್ಗೆ ಅವ್ವ ಮಾಳಮ್ಮ ಬೀರಪ್ಪನ ಮುಂದಿನ ಅರಿಶಿನಪುಡಿ ತಂದು ಮಗನ ಹಣೆಗೆ, ಆಮೇಲೆ ಎದೆಗೆ ಬಳಿಯುತ್ತಿದ್ದಳು. ಅದರ ಮೇಲೆ ಸ್ಟಿಕ್ಕರ್ ಹಿಡಿಯುವುದುಂಟೆ? ಮೊದಲನೆಯ ಆಯಿತವಾರವೇ ಅರ್ಧ ದಿನದ ಬರಹ ಹಾಳಾಯಿತು.

“ಯವ್ವಾ, ಹಣಿಗಿ ಎಷ್ಟರೆ ಹಚ್ಚು. ಎದಿ ಮಾತ್ರ ಬಿಡು.”

“ಹಣಿಗಿ ರೋಗ ಅದ ಏನು? ರೋಗ ಎದ್ಯಾಗದ. ದೇವರು ಎಲ್ಲಿ ಬೇಕೋ ಅಲ್ಲೇ ಹಚ್ಚಬೇಕು.”

“ದೇವರು ಹಚ್ಚಿದ್ರ ನನ್ನ ಮಶೀನ್ ಬಿಚ್ಚತದಲ್ಲ!”

“ಜಗಳಾಡಬ್ಯಾಡ್ರಿ,” ರೇವಣಸಿದ್ಧ ನಡುವೆ ಕೂತು ನಗುತ್ತಿದ್ದ. “ಎಡಗಡೆ ದೇವರಿಗಿ, ಬಲಗಡೆ ಉಮಾಗ. ಅರ್ಧ ಅರ್ಧ ಹಂಚಕೋರಿ.”

ಮಾಳಮ್ಮ ಮಗಳು ಕಾಣದಾಗ ಬಳಿಯುತ್ತಿದ್ದಳು. ಮಗ ತಾಯಿಯ ಪರವಾಗಿ ಬಾಯಿ ಮುಚ್ಚಿಕೊಂಡಿರುತ್ತಿದ್ದ.

ಶಿವರಾತ್ರಿಗೆ ಮೊದಲಿನ ಒಂದು ಸೋಮವಾರ. ಕಂಪ್ಯೂಟರು ಒಂದೇ ಒಂದು ಗುರುತು ಹಾಕಿತ್ತು. ಹಿಂದಿನ ದಿನ ಮಧ್ಯಾಹ್ನ ಮೂರೂ ಹತ್ತು, ಒಂಬತ್ತು ಸೆಕೆಂಡು. ಶಿಖರಗಳು ಸಾಲಾಗಿ ಬರುತ್ತ ಬರುತ್ತ ಇದ್ದಕ್ಕಿದ್ದಂತೆ ಇಲ್ಲ; ಹೊಲದ ನಡುವೆ ಯಾರೋ ಒಂದು ಸಾಲು ಬಿತ್ತುವುದನ್ನೇ ಮರೆತಂತೆ ಬರೀ ಬಯಲು; ಆಮೇಲೆ ಮತ್ತೆ ಶಿಖರ. ಉಮಾಶ್ರೀ ಅಣ್ಣನಿಗೆ ಫೋನು ಹಚ್ಚಿದಳು.

“ಅಣ್ಣಾ, ನಿನ್ನೆ ಮೂರು ಗಂಟೆಕ್ಕ ಬಿದ್ದಿದ್ದಿ ಏನು?”

“ಇಲ್ಲವಾ. ಬೇವಿನ ಗಿಡದ ಕೆಳಗ ಮಲಗಿದ್ದೆ.”

“ತಲಿ ತಿರಗಿತ್ತೇನು?”

“ಮಲಗಿದವಗ ತಲಿ ಹ್ಯಾಂಗ ತಿರಗತದ, ಹುಚ್ಚಿ?”

“ನಿನ್ನೆ ಆಯಿತವಾರ. ಅವ್ವ ಭಂಡಾರ ಹಚ್ಚಿದ್ಲಾ?”

ಆ ಕಡೆಯಿಂದ ಕಳ್ಳ ನಗು. “ಜರಾ ಹಚ್ಚಿದ್ಲು. ಬೈಬ್ಯಾಡ ಆಕಿಗಿ.”

ಉಮಾಶ್ರೀಗೆ ಉತ್ತರ ಸಿಕ್ಕಿಬಿಟ್ಟಿತು. ಈ ಮನೆಯಲ್ಲಿ ಹುಟ್ಟಿದವಳಲ್ಲವೇ, ಅವಳಿಗಲ್ಲದೆ ಇನ್ನಾರಿಗೆ ಗೊತ್ತು? ಅರಿಶಿನ ಮೆತ್ತಿ ಸ್ಟಿಕ್ಕರ್ ಬಿಟ್ಟಿದೆ, ಮಗ್ಗುಲು ಹೊರಳಿದಾಗ ಮತ್ತೆ ಕೂತಿದೆ. ಸಿಟ್ಟಿನಲ್ಲೇ ಆ ಒಂಬತ್ತು ಸೆಕೆಂಡನ್ನು ಮೂರು ಹಾಳೆಯ ಮೇಲೆ ಮುದ್ರಿಸಿ, ಟೇಪು ಹಚ್ಚಿ ಉದ್ದ ಪಟ್ಟಿ ಮಾಡಿ ಮನೆಗೆ ಒಯ್ದಳು. ಅವ್ವನಿಗೆ ತೋರಿಸಲಿಕ್ಕೆಂದೇ.

“ನೋಡು! ನಿನ್ನ ಭಂಡಾರ ಏನ ಮಾಡ್ಯದ ನೋಡು! ಖರೇ ಬೀಳೂ ಹೊತ್ತಿಗಿ ಹಿಂಗಾತಂದ್ರ ನಾ ವೈನಿಗಿ ಏನ ತೋರಸ್ಲಿ? ನಿನ್ನ ಸೊಸಿ ಬರೂದು ಬ್ಯಾಡೇನ ನಿನಗ?”

ಮಾಳಮ್ಮ ಆ ಬಯಲನ್ನು ನೋಡಿದಳು. ಓದು ಬಾರದವಳು, ಆದರೂ ಅಲ್ಲಿ ಏನೋ ಇರಬೇಕಾದದ್ದು ಇಲ್ಲವೆಂಬುದು ಕಂಡಿರಬೇಕು. ಅರಿಶಿನದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ಇನ್ನ ಹಚ್ಚೂದುಲ್ಲ ತಾಯಿ,” ಎಂದಳು. ಆ ದಿನದಿಂದ ಹಚ್ಚಲಿಲ್ಲ.

ಉಮಾಶ್ರೀ ಅಣ್ಣನ ಎದೆಯಿಂದ ಡಬ್ಬಿ ಬಿಚ್ಚಿಕೊಂಡು ಅಂಗಡಿಗೆ ತಂದಳು. ಸ್ಟಿಕ್ಕರುಗಳ ಮೇಲಿಂದ ಬಿಗಿಯಲು ಎಲಾಸ್ಟಿಕ್ ಪಟ್ಟಿ ಹೊಲಿಸಬೇಕು. ಹೆಚ್ಚು ಅಂಟಿನ ಸ್ಟಿಕ್ಕರ್ ತರಿಸಬೇಕು. ಪಾರ್ಸಲ್ಲು ಇವತ್ತು ನಾಳೆ ಎನ್ನುತ್ತ ತಡವಾಯಿತು. ಅಷ್ಟರಲ್ಲಿ ತುರೋರಿಯ ಸುತ್ತ ಮೇವು ಮುಗಿದು, ರೇವಣಸಿದ್ಧ ಹಿಂಡನ್ನು ಮಾಕಣಿ ಅಣೆಕಟ್ಟಿನ ಹಿನ್ನೀರಿನ ಕಡೆ ಹೊಡೆದುಕೊಂಡು ಹೋದ. “ಮಶೀನ್ ತಯಾರಾದ ಕೂಡಲೆ ತರ್ತೀನಿ ಅಣ್ಣಾ,” ಎಂದಳು. “ಗಡಬಡಿ ಇಲ್ಲ,” ಎಂದ ಅವನು. “ಸಾವಕಾಶ ಮಾಡು, ಚೊಲೋ ಮಾಡು.”

ಹತ್ತೊಂಬತ್ತನೆಯ ದಿನ ಬೆಳಿಗ್ಗೆ, ಡಬ್ಬಿ ಮೇಜಿನ ಮೇಲೆ ಬಾಯಿ ತೆರೆದುಕೊಂಡಿದ್ದಾಗ, ಮಾಕಣಿಯಿಂದ ಫೋನು ಬಂತು. ಕುರಿಗಳಿಗೆ ನೀರು ಕುಡಿಸುತ್ತಿದ್ದವನು ದಂಡೆಯಲ್ಲೇ ಬಿದ್ದಿದ್ದ. ಮುಖ ನೀರಿನಲ್ಲಿತ್ತು. ನೀರು ಗೇಣುದ್ದವೂ ಇರಲಿಲ್ಲ.

“ಅಷ್ಟ ನೀರಿನ್ಯಾಗ ಕುರಿಮರಿ ಸುದ್ದಾ ಮುಳಗೂದುಲ್ಲ,” ಮಣ್ಣು ಮಾಡಲು ಬಂದ ಖಂಡೆಪ್ಪ ಮೂಲೆಯಲ್ಲಿ ಯಾರಿಗೋ ಹೇಳುತ್ತಿದ್ದ. “ಕುಡದಿರಬೇಕು. ನನಗ ಮದಲಿಂದ ಗುಮಾನಿ ಇತ್ತು.” ನಿಲಂಗಾದಿಂದ ಬಂದ ಸಾರಿಕಾಗೂ ಅದು ಕೇಳಿಸಿತು. ಅವಳು ಅಳಲಿಲ್ಲ, ಗಂಡನ ಕಾಲ ಬಳಿ ಕೂತು ಅವನ ಹೆಬ್ಬೆರಳುಗಳನ್ನೇ ನೋಡುತ್ತಿದ್ದಳು. ಮೂರನೆಯ ದಿನ ಯಾರಿಗೂ ಹೇಳದೆ ಹೋಗಿಬಿಟ್ಟಳು.

ಉಮಾಶ್ರೀಗೆ ಮಣ್ಣು ಮಾಡಿದ ದಿನದ್ದೆಲ್ಲ ಮಂಜು ಮಂಜು. ಒಂದು ಮಾತ್ರ ಎದ್ದು ಕಾಣುತ್ತದೆ. ಹೆಣಕ್ಕೆ ಭಂಡಾರ ಹಚ್ಚುವ ಹೊತ್ತು. ಮಾಳಮ್ಮ ಹಿಡಿಯಲ್ಲಿ ಅರಿಶಿನ ಹಿಡಿದು, ಮಗನ ಹಣೆಗೆ ಹಚ್ಚಿ, ಎದೆಯ ಹತ್ತಿರ ಕೈ ತಂದು ನಿಲ್ಲಿಸಿದಳು. ತಲೆಯೆತ್ತಿ ಮಗಳನ್ನು ಹುಡುಕಿದಳು.

“ಹಚ್ಚಲೇನ ಉಮಾ?”

ತಿಂಗಳು ಕಳೆಯಿತು. ಡಬ್ಬಿಯ ಬೋರ್ಡುಗಳನ್ನು ಬಿಚ್ಚಿ ಅಂಗಡಿಯ ಸಾಮಾನಿಗೆ ಸೇರಿಸಬೇಕೆಂದು ಉಮಾಶ್ರೀ ಕೂತರೆ, ಅಂಬಾದಾಸ ಬಂದು ಸ್ಕ್ರೂಡ್ರೈವರ್ ಕಸಿದುಕೊಂಡ. “ಬೋರ್ಡ್ ಬೇಕಾದ್ರ ಬಿಚ್ಚು. ಕಾರ್ಡ್ ಅಳಸಬ್ಯಾಡ. ಪೋರಾಂದು ಇನ್ನ ಅಷ್ಟೇ ಅದ ಉಳದದ್ದು.” ಅವನೇ ಕೂತು ಇದ್ದಬಿದ್ದ ಬರಹದಲ್ಲಿ ಒಳ್ಳೆಯವನ್ನು ಮುದ್ರಿಸಿಕೊಟ್ಟ. ಜನ ಕುಡುಕನೆನ್ನುತ್ತಿದ್ದರು, ಡಾಕ್ಟರು ಎರಡು ಸಾಲು ಬರೆದುಕೊಟ್ಟರೂ ಸಾಕೆಂದು ಅವಳು ಕಾಗದಗಳನ್ನೆಲ್ಲ ಕಟ್ಟಿಕೊಂಡು ಉದಗೀರಿಗೆ ಹೋದಳು.

ಡಾಕ್ಟರು ಪಂಕಜ್ ಭಾಲ್ಕಿಯ ಕಡೆಯವರು, ಕನ್ನಡದಲ್ಲೇ ಮಾತಾಡುತ್ತಿದ್ದರು. ಒಂದೊಂದೇ ಹಾಳೆ ತಿರುವಿದರು. “ಚೊಲೋ ಮಾಡಿ ನೀನು. ಗೆರಿ ಬಹಳ ಸಾಫ್ ಬಂದಾವ. ಆದ್ರ ಇದ್ರಾಗ ಏನೂ ಇಲ್ಲವಾ. ಏನಂತ ಬರದ ಕೊಡಲಿ?” ಕಟ್ಟಿನ ಅಡಿಯಲ್ಲಿ ಮಡಚಿಟ್ಟ ಪಟ್ಟಿ ಅವರ ಕೈಗೆ ಬಂತು. “ಇದೇನು?”

“ಅದು ಕೆಟ್ಟದ್ರಿ ಸರ್. ಆಯಿತವಾರದ್ದು. ಭಂಡಾರ ಹಚ್ಚಿದ್ದಕ್ಕ ಸ್ಟಿಕ್ಕರ್ ಬಿಟ್ಟಿತ್ತು.”

ಡಾಕ್ಟರು ಪಟ್ಟಿಯನ್ನು ಮೇಜಿನುದ್ದಕ್ಕೂ ಬಿಡಿಸಿದರು. ಪೆನ್ನಿನ ತುದಿಯಿಂದ ಬಯಲಿನ ಮೇಲೆ ಒಂದೊಂದಾಗಿ ಏನನ್ನೋ ಮುಟ್ಟುತ್ತ ಹೋದರು.

“ಸ್ಟಿಕ್ಕರ್ ಬಿಟ್ಟಿದ್ರ ಗೆರಿ ಹುಚ್ಚ ಹಿಡದಂಗ ಮ್ಯಾಲ ಕೆಳಗ ಹಾರತದ. ನಿನಗ ಗೊತ್ತದಲ್ಲ?”

“ಹೌದ್ರಿ.”

“ಇಲ್ಲಿ ಹಾರ್ಯದೇನು? ಇಲ್ಲ. ಬಗ್ಗಿ ನೋಡು. ಬಯಲಂತಿ, ಇವು ಏನು ಹಂಗಾದ್ರ?”

ಬಯಲೆಂದು ಅವಳು ತಿಳಿದಿದ್ದಲ್ಲಿ ಪುಟ್ಟ ಪುಟ್ಟ ದಿಬ್ಬಗಳಿದ್ದವು. ಇರುವೆಗೂಡಿನಷ್ಟು ಸಣ್ಣವು, ಸಮನಾದ ಅಂತರದಲ್ಲಿ, ಒಂದಾದ ಮೇಲೊಂದು.

“ಹೃದಯದಾಗ ಮ್ಯಾಲಿನ ಖೋಲಿ ಮದಲ ಕರೀತದ. ಅದು ಈ ಸಣ್ಣ ದಿಬ್ಬ. ಕೆಳಗಿನ ಖೋಲಿ ಓ ಅಂತದ. ಅದು ಎತ್ತರದ್ದು. ಇಲ್ಲಿ ಮ್ಯಾಲಿಂದು ಕರೀಲಿಕತ್ತದ, ಕೆಳಗಿಂದು ಓ ಅನ್ನಲಿಕತ್ತಿಲ್ಲ. ಹದಿನಾಲ್ಕ ಸಲ ಕರದದ ನೋಡು.” ಡಾಕ್ಟರು ಕನ್ನಡಕ ತೆಗೆದರು. “ಮಲಗಿದ್ದಕ್ಕ ಅಂವಗ ತಿಳದಿಲ್ಲ. ನಿಂತಾಗ ಆದ್ರ ಬೀಳ್ತಾನ. ಇದೇ ಅವನ ರೋಗವಾ. ನೀ ಹಿಡದಿದ್ದಿ.”

ಅವಳು ಕೇಳಬಾರದೆಂದುಕೊಂಡದ್ದನ್ನೇ ಕೇಳಿದಳು.

“ಅವತ್ತೇ ತಂದಿದ್ರ?”

“ಎದಿಯೊಳಗ ಇಡೂದು ಒಂದು ಮಶೀನ್ ಅದ. ಓ ಅನ್ನದಿದ್ದಾಗ ಅದು ಓ ಅಂತದ.” ಅಷ್ಟು ಹೇಳಿ ಅವರು ಕನ್ನಡಕದ ಗಾಜನ್ನು ಅಂಗಿಯ ಚುಂಗಿನಿಂದ ಒರೆಸುತ್ತ ಕೂತರು. ಗಾಜು ಆಗಲೇ ಶುಭ್ರವಾಗಿತ್ತು. ಆಮೇಲೆ ಪಟ್ಟಿಯ ಅಂಚಿನಲ್ಲಿ ರೋಗದ ಹೆಸರು ಬರೆದು, ಸಹಿ ಮಾಡಿ ಕೊಟ್ಟರು.

ನಿಲಂಗಾದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪಟ್ಟಿಯ ತಲೆಯ ಮೇಲೆ ತಾರೀಖು ಅಚ್ಚಾಗಿತ್ತು. ಅದನ್ನು ಹಿಂದಕ್ಕೆ ಮಡಚಿದಳು. ಮಡಿಕೆಯ ಮೇಲೆ ಉಗುರು ಎಳೆದಳು. ಒಂದು ಸಲ ಎಳೆದರೆ ಮಡಿಕೆ. ಇನ್ನೆರಡು ಸಲ ಎಳೆದು ಜಗ್ಗಿದರೆ ತಾರೀಖು ಬೇರೆ, ರೋಗ ಬೇರೆ. ಅಣ್ಣ ಮೈಗಳ್ಳನಲ್ಲ, ಕುಡುಕನಲ್ಲ ಎಂದಷ್ಟೇ ಹೇಳಬಹುದು. ಕಾಗದ ಯಾವಾಗಿನದು, ಯಾರ ಹತ್ತಿರ ಇತ್ತು ಎಂದು ಯಾರು ಕೇಳುತ್ತಾರೆ? ತೊಗರಿ ಕೊಯ್ದ ಹೊಲಗಳು ಹಿಂದೋಡುತ್ತಿದ್ದವು. ಅವಳ ಉಗುರು ಮಡಿಕೆಯ ಮೇಲೆಯೇ ಇತ್ತು. ಅವ್ವ ಸೆರಗಿಗೆ ಬೆರಳು ಒರೆಸಿಕೊಂಡದ್ದು ನೆನಪಾಯಿತು. ಕಾಗದವನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಸಪಾಟು ಮಾಡಿದಳು.

ಬಾಗಿಲು ತೆರೆದವಳು ಸಾರಿಕಾಳ ತಾಯಿ ಕುಸುಮಬಾಯಿ. “ಆತಾ ಕಾಯ ರಾಹಿಲಂ? ಇನ್ನೇನ ಉಳದದಂತ ಬಂದಿ?” ಎಂದು ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ಬರಲಿ ಬಿಡು ಆಯಿ.”

ಸಾರಿಕಾಳ ಮುಂದೆ ಯಾರದೋ ಮದುವೆಯ ಕುಪ್ಪಸವಿತ್ತು. ಹಣೆ ಬರಿದಾಗಿತ್ತು. ಕೂರು ಎನ್ನಲಿಲ್ಲ. ಉಮಾಶ್ರೀಯೂ ಕೂರಲಿಲ್ಲ.

“ಕಾಗದ ತಂದೀನಿ ವೈನಿ.”

ಸಾರಿಕಾ ಕುಪ್ಪಸದ ಮೇಲಿನ ಕತ್ತರಿ ತೆಗೆದು ಪಕ್ಕಕ್ಕಿಟ್ಟಳು. “ಏನಂತದ ಕಾಗದ?”

ಉಮಾಶ್ರೀ ಪಟ್ಟಿ ಬಿಡಿಸಿ, ಡಾಕ್ಟರು ಹೇಳಿದ ಹಾಗೆಯೇ ಹೇಳಿದಳು. ಕರೆದದ್ದು ಯಾವುದು, ಓ ಎನ್ನಬೇಕಾದದ್ದು ಯಾವುದು. ಸಾರಿಕಾ ಮುಟ್ಟದೆ, ಗಾಳಿಯಲ್ಲಿಯೇ ಬೆರಳಿಟ್ಟು ಎಣಿಸಿದಳು. ಹದಿನಾಲ್ಕಕ್ಕೆ ಬಂದು ಬೆರಳು ನಿಂತಿತು.

“ಕಣದಾಗ ನಾ ಹೊಡದಾಗೂ ಒಳಗ ಹಿಂಗೇ ಇತ್ತೇನು?”

ಇಲ್ಲವೆನ್ನಬಹುದಿತ್ತು. “ಇದ್ದಿರಬೇಕು ವೈನಿ.”

“ನಾ ಹೊಡದೆ, ಅಂವಾ ನಕ್ಕ.” ಸಾರಿಕಾಳ ದನಿ ಒಡೆಯಲಿಲ್ಲ, ಒಣಗಿತ್ತು. “ನಾ ಏನಂದಕೊಂಡೆ ಗೊತ್ತದ? ಸಿಕ್ಕಬಿದ್ದಾನ, ಅದಕ್ಕ ನಗಲಿಕತ್ತಾನ ಅಂದಕೊಂಡೆ.” ಅವಳ ಕಣ್ಣು ಪಟ್ಟಿಯ ತಲೆಯ ಕಡೆ ಸರಿಯಿತು. “ಯಾವತ್ತಿಂದು ಇದು?”

“ಅಂವಾ ಹೋಗೂಕಿಂತ ಹತ್ತೊಂಬತ್ತ ದಿವಸ ಮದಲಿಂದು.”

ಕುಸುಮಬಾಯಿ ಬಾಗಿಲಲ್ಲಿ “ದೇವಾ ರೇ” ಎಂದಳು. ಸಾರಿಕಾ ನಿಧಾನಕ್ಕೆ ತಲೆ ಎತ್ತಿದಳು.

“ಹತ್ತೊಂಬತ್ತ ದಿವಸ ಎಲ್ಲಿತ್ತು?”

“ನನ್ನ ಹತ್ರ.” “ಮಶೀನ್ ಬರೋಬರ ಬರದಿತ್ತು. ಭಂಡಾರದ ತಪ್ಪಂತ ಅವ್ವಗ ಬೈದೆ ನಾ. ಅವ್ವಂದೂ ತಪ್ಪಿಲ್ಲ, ನಿಮ್ಮದೂ ತಪ್ಪಿಲ್ಲ. ಓದಾಕ ಬಂದಿದ್ದು ನನಗ ಒಬ್ಬಾಕಿಗೇ. ನಾನೇ ಓದಲಿಲ್ಲ.”

ಓಣಿಯಲ್ಲಿ ಭಾಂಡೆ ಪಾತ್ರೆ ಮಾರುವವನು ಕೂಗುತ್ತ ಬಂದು, ಕೂಗುತ್ತ ದಾಟಿ ಹೋದ. ಸಾರಿಕಾ ಬಯ್ದಾಳೆಂದು, ಹೊಡೆದಾಳೆಂದು ಉಮಾಶ್ರೀ ಕಾದಳು, ಹೊಡೆದಿದ್ದರೆ ಹಗುರಾಗುತ್ತಿತ್ತು. ಸಾರಿಕಾ ಎದ್ದು ನಿಂತಳು. ಸೀರೆಗಂಟಿದ ದಾರದ ತುಣುಕುಗಳನ್ನು ಕೊಡವಿದಳು. ಪ್ರಸಾದಕ್ಕೆ ಚಾಚುವ ಹಾಗೆ ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿದಳು.

ಉಮಾಶ್ರೀ ಕಾಗದವನ್ನು ಅವಳ ಕೈಯಲ್ಲಿಟ್ಟಳು.